ಇಮ್ಯುನಿಟಿ ಹೆಚ್ಚಲು ಏನು ತಿನ್ನಬೇಕು ಎಂದು ಕೇಳುವವರಿಗೆ

ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುವ ತಪ್ಪಿಗೆ ಮದುವೆ, ಮುಂಜಿ, ತಿಥಿ ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. ಉತ್ತರ: ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿದ್ದೆ ಮಾಡಿ. ಅರಿಸಿನದ ಹಾಲು ಇಷ್ಟವಾದರೆ ಕುಡಿಯಿರಿ, ನನ್ನ ಅಪ್ಪಣೆ ಬೇಕಿಲ್ಲ.

ನನ್ನನ್ನು ಕೆರಳಿಸುವುದು ಆ ‘ಹೆಚ್ಚಲು’. ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕದ ಎಲೆಯ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಬೀಳುವುದನ್ನು ಕಾಯುತ್ತಾ ಇದನ್ನೇ ಕೇಳಿದರು. ಅವರ ಬೆರಳ ಗೆಣ್ಣುಗಳು ಊದಿ ಸೊಟ್ಟಗಾಗಿದ್ದವು; ಹೋಳಿಗೆ ಮುರಿಯಲೂ ಕಷ್ಟಪಡುತ್ತಿದ್ದರು. ರುಮಟಾಯ್ಡ್ ಸಂಧಿವಾತ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಎಂದು ಆಗಷ್ಟೇ ಹೇಳಿಕೊಂಡಿದ್ದರು. ಅಂದರೆ ಅವರ ರಕ್ಷಣಾ ವ್ಯವಸ್ಥೆ ಅವರದೇ ಕೀಲುಗಳ ಮೇಲೆ ಬಿದ್ದಿದೆ, ಅದನ್ನು ತಗ್ಗಿಸಲೆಂದೇ ಆ ಮಾತ್ರೆ. “ನಿಮಗೆ ಇರುವುದೇ ಹೆಚ್ಚಾಗಿದೆ, ಸ್ವಾಮಿ” ಎಂದೆ. ಅವರು ಆಚೆ ಪಕ್ಕದವರ ಕಡೆ ತಿರುಗಿ ಮಳೆಯ ವಿಷಯ ತೆಗೆದರು. ನಾನು ಹೇಳಿದ್ದು ಒರಟಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ಹಿಂದೆಂದೂ ಕಾಣದ ರೋಗಾಣುವನ್ನು ದೇಹ ಗುರುತಿಸುವುದಾದರೂ ಹೇಗೆ ಎಂದು ಯಾರಾದರೂ ಕೇಳಬಾರದೇ? ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಎಷ್ಟೋ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ನಮ್ಮ ಜೀವಕೋಶಗಳಲ್ಲಿಲ್ಲದ ಅಣುಗಳಿವೆ. ಅವನ್ನು ಹಿಡಿಯುವ ಗ್ರಾಹಕಗಳು, ಅಂದರೆ ಜೀವಕೋಶಗಳ ರಿಸೆಪ್ಟರ್ ಎಂಬ ಪ್ರೋಟೀನುಗಳು, ನಮಗೆ ಹುಟ್ಟಿನಿಂದಲೇ ಇವೆ. ಜ್ವರ, ಬಾವು ಶುರುವಾಗುವುದು ಅಲ್ಲಿಂದ. ಇದು ಒರಟು ಗುರುತು. ನಿಖರ ಗುರುತು ಬಿ ಮತ್ತು ಟಿ ಕೋಶಗಳೆಂಬ ಬಿಳಿ ರಕ್ತಕಣಗಳದ್ದು. ಅವು ಬೆಳೆಯುವಾಗ ಜೀನಿನ ತುಣುಕುಗಳನ್ನು ಇಸ್ಪೀಟಿನ ಎಲೆಗಳಂತೆ ಕಲೆಸಿ, ಒಂದೊಂದು ಕೋಶವೂ ಒಂದೊಂದು ಬಗೆಯ ಗ್ರಾಹಕ ಕಟ್ಟಿಕೊಳ್ಳುತ್ತದೆ. ರೋಗಾಣು ಬರುವ ಮೊದಲೇ! ಪ್ರತಿಕಾಯಗಳ (ಬಿ ಕೋಶಗಳಿಂದ ಹೊರಬಿದ್ದ ಗ್ರಾಹಕಗಳೇ ಇವು) ಜೀನುಗಳಲ್ಲಿ ಇದನ್ನು 1976ರಲ್ಲಿ ತೋರಿಸಿದ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಹೀಗೆ ಕಣ್ಣುಮುಚ್ಚಿ ಕಲೆಸಿದರೆ ನಮ್ಮ ದೇಹಕ್ಕೇ ಅಂಟುವ ಗ್ರಾಹಕಗಳೂ ಹುಟ್ಟುತ್ತವೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಅಂಥ ಟಿ ಕೋಶಗಳನ್ನು ಬಹುಮಟ್ಟಿಗೆ ಕೊಲ್ಲಲಾಗುತ್ತದೆ. ತಪ್ಪಿಸಿಕೊಂಡವನ್ನು ಹದ್ದುಬಸ್ತಿನಲ್ಲಿಡಲು ಬೇರೆ ಟಿ ಕೋಶಗಳಿವೆ. ಆ ಹತೋಟಿ ತಪ್ಪಿದರೆ ಗೆಣ್ಣುಗಳು ಊದಬಹುದು.

ಬಂದ ರೋಗಾಣುವಿಗೆ ಯಾವ ಕೋಶದ ಗ್ರಾಹಕ ಸರಿಹೊಂದುತ್ತದೋ ಆ ಕೋಶ ಸಾವಿರಾರು ಪಟ್ಟು ಹೆಚ್ಚುತ್ತದೆ, ಆಮೇಲೆ ಕೆಲವು ನೆನಪಿಗೆ ಉಳಿಯುತ್ತವೆ. ಉತ್ತರ ಅಟ್ಲಾಂಟಿಕಿನ ಫೆರೋ ದ್ವೀಪಗಳಿಗೆ 1781ರಲ್ಲಿ ದಡಾರ ಬಂದಿತ್ತು, ಮತ್ತೆ ಬಂದದ್ದು 1846ರಲ್ಲಿ. ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಹಿಂದಿನ ಸಲ ದಡಾರವಾಗಿದ್ದ ಮುದುಕರಲ್ಲಿ ಒಬ್ಬರಿಗೂ ಮತ್ತೆ ಬರಲಿಲ್ಲ ಎಂದು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್ ಬರೆದಿಟ್ಟರು. ಅರವತ್ತೈದು ವರ್ಷದ ನೆನಪು! ದಡಾರದ ಲಸಿಕೆ ಕೊಡುವುದೂ ಇಂಥ ನೆನಪನ್ನೇ, ಮಗುವನ್ನು ಮಲಗಿಸದೆ.