ಎರಡು ಗ್ರಾಫಿಕ್ಸ್ ಕಾರ್ಡ್ ಹಾಕುವ ಮುಂಚೆ ಮದರ್‌ಬೋರ್ಡ್ ನೋಡಿ

ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುವವರಿಗೆ ಎರಡು ಜೋಡಿಗಳು ಆಸೆ ಹುಟ್ಟಿಸುತ್ತವೆ: ಎರಡು ಆರ್‌ಎಕ್ಸ್ 580 ಹಾಕಿ ಕ್ರಾಸ್‌ಫೈರ್, ಇಲ್ಲವೇ ಎರಡು ಜಿಟಿಎಕ್ಸ್ 1070 ಹಾಕಿ ಎಸ್‌ಎಲ್‌ಐ. ಎರಡು ಕಾರ್ಡುಗಳನ್ನು ಒಂದೇ ಆಟಕ್ಕೆ ದುಡಿಸುವ ತಂತ್ರಗಳಿವು, ಮೊದಲನೆಯದು ಎಎಂಡಿಯದು, ಎರಡನೆಯದು ಎನ್‌ವಿಡಿಯಾದ್ದು. ರೇಟು ಕೇಳುವ ಮುಂಚೆ ನಿಮ್ಮ ಬೋರ್ಡಿನ ಮ್ಯಾನುಯಲ್ ತೆಗೆದು, ಎರಡನೇ ಉದ್ದ ಸ್ಲಾಟಿಗೆ ಎಷ್ಟು ಲೇನ್ (ಡೇಟಾ ಓಡಾಡುವ ದಾರಿ) ಇದೆ ನೋಡಿ. ಎಸ್‌ಎಲ್‌ಐಗೆ ಕಾರ್ಡಿಗೆ 8 ಲೇನ್ ಬೇಕೇ ಬೇಕು, ಮೇಲೆ ಎರಡು ಕಾರ್ಡುಗಳನ್ನು ಜೋಡಿಸುವ ಬ್ರಿಡ್ಜ್ ಬೇಕು. ಎಎಂಡಿ ಪ್ರೊಸೆಸರಿನ ಬಿ450 ಬೋರ್ಡುಗಳಲ್ಲಿ ಎರಡನೇ ಸ್ಲಾಟ್ ಉದ್ದ ಕಂಡರೂ ಸಾಮಾನ್ಯವಾಗಿ 4 ಲೇನ್ ಅಷ್ಟೇ; ಅಲ್ಲಿ ಎಸ್‌ಎಲ್‌ಐ ಆಗುವುದಿಲ್ಲ. ಕ್ರಾಸ್‌ಫೈರ್ 4 ಲೇನಿನಲ್ಲೂ ನಡೆಯುತ್ತದೆ, 580ಕ್ಕೆ ಬ್ರಿಡ್ಜೂ ಬೇಡ. ಜಿಟಿಎಕ್ಸ್ 1060ಕ್ಕಂತೂ ಎಸ್‌ಎಲ್‌ಐ ಇಲ್ಲವೇ ಇಲ್ಲ, ಅಂಗಡಿಯವರು ಏನೇ ಹೇಳಲಿ.

580 ಕೊಳ್ಳುವಾಗ ಅಂಗಡಿಯಲ್ಲೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆಸಿ. ಶೇಡರ್ಸ್ ಎಂಬಲ್ಲಿ 2304 ಇರಬೇಕು. 2048 ಇದ್ದರೆ ಅದು ಅದೇ ಹೆಸರಿನ ಕಡಿಮೆ ಶಕ್ತಿಯ ಕಾರ್ಡ್. ಮೈನಿಂಗ್‌ಗೆ ಬಯಾಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ತಿದ್ದಿದ ಕಾರ್ಡುಗಳಲ್ಲಿ ಡ್ರೈವರ್ ಕೂರದೆ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43 ಎಂಬ ದೋಷ ಬರುವುದುಂಟು.

ಆದರೆ ಜೋಡಿಯಿಂದ ಏನು ಸಿಗುತ್ತದೆ? ಕಾರ್ಡುಗಳ ಮೆಮೊರಿ 8 ಜಿಬಿ, 8 ಜಿಬಿ ಸೇರಿ 16 ಆಗುವುದಿಲ್ಲ. ಎರಡೂ ಕಾರ್ಡಿನಲ್ಲಿ ಅದೇ ಡೇಟಾ ಇರುವುದರಿಂದ ಆಟಕ್ಕೆ ಸಿಗುವುದು 8 ಮಾತ್ರ. ಒಂದು ಫ್ರೇಮ್ ಒಂದು ಕಾರ್ಡ್, ಮುಂದಿನದು ಇನ್ನೊಂದು ಬಿಡಿಸುತ್ತದೆ. ಈಗಿನ ಆಟಗಳು ಚಿತ್ರದ ಅಂಚುಗಳನ್ನು ನಯಗೊಳಿಸುವ ಟಿಎಎಗೆ ಹಿಂದಿನ ಫ್ರೇಮನ್ನೇ ನೆಚ್ಚಿಕೊಂಡಿರುತ್ತವೆ, ಆ ಫ್ರೇಮ್ ಇರುವುದು ಪಕ್ಕದ ಕಾರ್ಡಿನಲ್ಲಿ. ಅದನ್ನು ತರಿಸಿಕೊಳ್ಳುವಷ್ಟರಲ್ಲಿ ಲಾಭವೆಲ್ಲ ಹೋಗುತ್ತದೆ. ಎಫ್‌ಪಿಎಸ್ 90 ತೋರಿಸಿದರೂ ಫ್ರೇಮುಗಳ ನಡುವಿನ ಅಂತರ ಏರುಪೇರಾಗಿ ಕಣ್ಣಿಗೆ ತಡವರಿಸಿದಂತೆ ಕಾಣುತ್ತದೆ. ಎನ್‌ವಿಡಿಯಾ 2021ರ ಜನವರಿಯಿಂದ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಆಟಕ್ಕೊಂದರಂತೆ ಡ್ರೈವರಿನಲ್ಲಿ ಬೇಕಾದ ಸೆಟ್ಟಿಂಗ್) ಕೊಡುವುದನ್ನೇ ನಿಲ್ಲಿಸಿದೆ. ಹಳೆಯ ಡೈರೆಕ್ಟ್‌ಎಕ್ಸ್ 11 ಆಟಗಳನ್ನಷ್ಟೇ ಆಡುವವರಿಗೆ ಬಿ450 ಇದ್ದರೆ ಎರಡು 580, 8+8 ಲೇನಿನ ಬೋರ್ಡ್ ಇದ್ದರೆ ಎರಡು 1070. ಉಳಿದವರು ಅದೇ ದುಡ್ಡಿಗೆ ಒಂದೇ ಹೊಸ ಕಾರ್ಡ್ ಕೊಳ್ಳುವುದು ಖಂಡಿತ ಮೇಲು.

ಮನೆಯಲ್ಲಿ ಹಳೆಯ ಕಾರ್ಡ್ ಉಳಿದಿದ್ದರೆ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ಸಾಫ್ಟ್‌ವೇರ್ ಬಳಸಬಹುದು; ಮೊದಲ ಕಾರ್ಡ್ ಆಟ ಬಿಡಿಸಿದರೆ, ಎರಡನೆಯದು ಆ ಫ್ರೇಮುಗಳ ನಡುವೆ ಹೊಸ ಫ್ರೇಮ್ ಸೇರಿಸುತ್ತದೆ. ಕಂಪನಿ ಬೇರೆಯಾದರೂ ಸರಿ. ಮಾನಿಟರ್ ಕೇಬಲನ್ನು ಎರಡನೇ ಕಾರ್ಡಿಗೆ ಚುಚ್ಚಿ, ವಿಂಡೋಸಿನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಆಟವನ್ನು ಮೊದಲ ಕಾರ್ಡಿಗೆ ಕೊಟ್ಟು, ಸಾಫ್ಟ್‌ವೇರಿನಲ್ಲಿ ಎರಡನೆಯದನ್ನು ಆರಿಸಿ. ಫ್ರೇಮುಗಳು ಮೊದಲ ಕಾರ್ಡಿನಿಂದ ಎರಡನೆಯದಕ್ಕೆ ಸಾಗಬೇಕು: 1080ಪಿ ಫ್ರೇಮ್ ಒಂದಕ್ಕೆ ಸುಮಾರು 8 ಎಂಬಿ, 60 ಫ್ರೇಮಿಗೆ ಸೆಕೆಂಡಿಗೆ 500 ಎಂಬಿ, ಎರಡನೇ ಸ್ಲಾಟ್ ಹಳೆಯ ಪಿಸಿಐಇ 2.0 ಆಗಿದ್ದರೂ ಅದರ 4 ಲೇನ್ ಸೆಕೆಂಡಿಗೆ 2 ಜಿಬಿ ಸಾಗಿಸುತ್ತದೆ, ಹಾಗಾಗಿ ಸಾಕು. ಮೌಸ್ ಪ್ರತಿಕ್ರಿಯೆ ಸ್ವಲ್ಪ ತಡವಾಗುವುದರಿಂದ ಶೂಟಿಂಗ್ ಆಟಗಳಿಗೆ ಬೇಡ.

ಯಾವ ಜೋಡಿಯಾದರೂ ನಡುವೆ ಒಂದು ಸ್ಲಾಟ್ ಖಾಲಿ ಬಿಡಿ. ಇಲ್ಲದಿದ್ದರೆ ಕೆಳಗಿನದರ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಂಡು, ಏಪ್ರಿಲ್ ಬಿಸಿಲಿನಲ್ಲಿ 1070 ಆದರೆ 83 ಡಿಗ್ರಿ ಮುಟ್ಟಿ ವೇಗ ಇಳಿಸಿಕೊಳ್ಳುತ್ತದೆ. ಒಂದೊಂದು ಕಾರ್ಡಿಗೂ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಎಳೆಯಿರಿ, 750 ವಾಟಿಗಿಂತ ಕಡಿಮೆ ಬೇಡ. ಎರಡು 580 ಸೇರಿ 370 ವಾಟ್ ಎಳೆಯುತ್ತವೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360. ಆಟದ ನಡುವೆ ಕರೆಂಟು ಹೋದರೆ ಸಿಸ್ಟಮ್ಮೂ ಅದರ ಜೊತೆಗೇ ಆಫ್ ಆಗುತ್ತದೆ.