ಸಾಧನಕೇರಿಯಲ್ಲಿ ‘ಲೆಫ್ಟ್ ಹ್ಯಾಂಡ್ ಪಾತ್’: ಪುಲ್ಲಿ, ವೇಗ ಮತ್ತು ಮರುಮುದ್ರಿತ ಎಲ್‌ಪಿ

ಕಳೆದ ಟಿಪ್ಪಣಿ ಬರೆಯುವ ಹೊತ್ತಿಗೆ ಎಲ್‌ಪಿ ತಟ್ಟೆ ನುಡಿಸುವ ನನ್ನ ಹಳೆಯ ಟರ್ನ್‌ಟೇಬಲ್ ತಿರುಗತೊಡಗಿತ್ತು, ಸ್ಪೀಕರಿನಲ್ಲಿ ಹಾಡೂ ಬಂದಿತ್ತು. ಆದರೆ ಎಲ್ಲವೂ ನಿಧಾನವಾಗಿತ್ತು. ವೇಗದ ಆ ತೊಂದರೆ ಈಗ ಬಗೆಹರಿದಿದೆ. ಈ ಸಲದ ಟಿಪ್ಪಣಿಯ ಬಹುಭಾಗ ಅದಕ್ಕೇ ಮೀಸಲು.

ಹೊಸದಾಗಿ ಓದುವವರಿಗಾಗಿ ಸ್ವಲ್ಪ ಹಿನ್ನೆಲೆ. ಸ್ವೀಡನ್ನಿನ ಡೆತ್ ಮೆಟಲ್ (ಅಬ್ಬರದ ರಾಕ್ ಸಂಗೀತದ ಒಂದು ಬಗೆ) ತಂಡ ಎಂಟೂಮ್ಡ್‌ನ ಮೊದಲ ಆಲ್ಬಮ್ ‘ಲೆಫ್ಟ್ ಹ್ಯಾಂಡ್ ಪಾತ್’ ಸ್ಟಾಕ್‌ಹೋಮಿನ ಸನ್‌ಲೈಟ್ ಸ್ಟುಡಿಯೋದಲ್ಲಿ 1989ರ ಡಿಸೆಂಬರಿನಲ್ಲಿ ಧ್ವನಿಮುದ್ರಣಗೊಂಡು, 1990ರಲ್ಲಿ ಇಂಗ್ಲೆಂಡಿನ ಇಯರೇಕ್ ಕಂಪನಿಯಿಂದ ಹೊರಬಂತು. ಅದನ್ನೇ ಇಯರೇಕ್ ತನ್ನ ‘ಫುಲ್ ಡೈನಾಮಿಕ್ ರೇಂಜ್’ ಸರಣಿಯಲ್ಲಿ ಮರುಮಾಸ್ಟರ್ ಮಾಡಿ ವಿನೈಲ್ ಮೇಲೆ ಮತ್ತೆ ತಂದಿದೆ. ಮರುಮುದ್ರಣ ಎಂದೊಡನೆ ತಟ್ಟೆಯ ಬಣ್ಣ ಯಾವುದು, ಎಷ್ಟು ಪ್ರತಿ ಒತ್ತಿದ್ದಾರೆ ಎಂದು ಕೇಳುವವರೇ ಹೆಚ್ಚು. ನನ್ನ ಮಟ್ಟಿಗೆ ಅದರ ಬೆಲೆ ಇರುವುದು ಮಾಸ್ಟರಿಂಗ್‌ನಲ್ಲಿ, ಅಂದರೆ ತಟ್ಟೆ ಒತ್ತುವ ಮುನ್ನ ಸದ್ದಿನ ಮಟ್ಟವನ್ನು ಹದಗೊಳಿಸುವ ಕೊನೆಯ ಕೆಲಸದಲ್ಲಿ. ಸದ್ದನ್ನೆಲ್ಲ ಒಂದೇ ಎತ್ತರಕ್ಕೆ ಒತ್ತಿಹಿಡಿದ ಸಿ.ಡಿ. ಆವೃತ್ತಿಗಳಲ್ಲಿ ಡ್ರಮ್ಮಿನ ಪೆಟ್ಟು ಗಿಟಾರಿನೊಳಗೇ ಹೂತುಹೋಗುತ್ತದೆ. ಏರಿಳಿತಕ್ಕೆ ಜಾಗ ಬಿಟ್ಟ ಮಾಸ್ಟರಿಂಗ್‌ನಲ್ಲಿ ಅದೇ ಪೆಟ್ಟು ಗಿಟಾರಿನಿಂದ ಹೊರಗೆ ಜಿಗಿದು ಬರುತ್ತದೆ. ಆದರೆ ಅದನ್ನು ಕೇಳಬೇಕಾದರೆ ಯಂತ್ರ ಸರಿಯಾಗಿರಬೇಕು.

ನನ್ನ ಟರ್ನ್‌ಟೇಬಲ್ ಅಮೆರಿಕದಲ್ಲಿದ್ದ ನೆಂಟರೊಬ್ಬರ ಮನೆಯಿಂದ ಬಂದದ್ದು. ಬೆಲ್ಟ್ ಮೂಲಕ ತಿರುಗುವ, ಎ.ಸಿ. ಸಿಂಕ್ರೊನಸ್ ಮೋಟಾರಿನ ಹಳೆಯ ಯಂತ್ರ. ಅಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ, ಮತ್ತು ಸಿಂಕ್ರೊನಸ್ ಮೋಟಾರು ಓಡುವುದು ಫ್ರೀಕ್ವೆನ್ಸಿಯ ಲೆಕ್ಕದಲ್ಲಿ. ಹೀಗಾಗಿ ಅಲ್ಲಿ ನಿಮಿಷಕ್ಕೆ 300 ಸುತ್ತು ಹಾಕುತ್ತಿದ್ದ ಮೋಟಾರು ಇಲ್ಲಿ 250ಕ್ಕೆ ನಿಲ್ಲುತ್ತದೆ. 33⅓ ಸುತ್ತು ತಿರುಗಬೇಕಾದ ತಟ್ಟೆ 27.8 ಸುತ್ತು ತಿರುಗುತ್ತದೆ. ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚು ಕೆಳಗಿಳಿಯುತ್ತದೆ.

ಬೇರೆ ಸಂಗೀತದಲ್ಲಾದರೆ ಇದು ಎರಡನೇ ಕ್ಷಣಕ್ಕೇ ಕಿವಿಗೆ ಹೊಡೆಯುತ್ತದೆ. ಡೆತ್ ಮೆಟಲ್‌ನಲ್ಲಿ ಗಿಟಾರುಗಳ ಶ್ರುತಿಯನ್ನು ಮೊದಲೇ ಬಹಳ ಕೆಳಗೆ ಇಳಿಸಿರುತ್ತಾರೆ. ಅದರ ಮೇಲೆ ಬಾಸ್ ಕಂಪನಿಯ ಎಚ್‌ಎಂ–2 ಪೆಡಲಿನ (ಗಿಟಾರಿನ ನಾದವನ್ನು ಒರಟಾಗಿಸುವ ಪೆಟ್ಟಿಗೆ) ನಾಲ್ಕೂ ಗುಂಡಿಗಳನ್ನು ಪೂರ್ತಿ ತಿರುವಿ ಪಡೆದ, ಕಟ್ಟಿಗೆ ಅಡ್ಡೆಯ ಗರಗಸದಂಥ ನಾದ ಬೇರೆ. ಆದ್ದರಿಂದ ನಿಧಾನಗೊಂಡ ಈ ಆಲ್ಬಮ್ ಇನ್ನಷ್ಟು ಭಾರವಾದ ಬೇರೊಂದು ಆಲ್ಬಮ್ಮಿನಂತೆಯೇ ಕೇಳಿಸುತ್ತದೆ. ಗುಟ್ಟು ಬಿಟ್ಟುಕೊಟ್ಟದ್ದು ಗಡಿಯಾರ: ಸುಮಾರು 6 ನಿಮಿಷ 40 ಸೆಕೆಂಡಿನ ಶೀರ್ಷಿಕೆ ಗೀತೆ ಎಂಟು ನಿಮಿಷ ಹಿಡಿಯುತ್ತಿತ್ತು.

ಪರಿಹಾರವೆಂದರೆ ಮೋಟಾರಿನ ಪುಲ್ಲಿಯನ್ನು, ಅಂದರೆ ಬೆಲ್ಟ್ ಸುತ್ತಿಕೊಳ್ಳುವ ಪುಟ್ಟ ಗಾಲಿಯನ್ನು, ದೊಡ್ಡದು ಮಾಡುವುದು. ಹಳೆಯ ಪುಲ್ಲಿಯ ವ್ಯಾಸ 17.33 ಮಿ.ಮೀ.; ಅದನ್ನು 1.2ರಿಂದ ಗುಣಿಸಿದರೆ 20.8 ಬರುತ್ತದೆ. ಆದರೆ ಬೆಲ್ಟಿಗೂ ದಪ್ಪವಿದೆ, ಮತ್ತು ವೇಗ ನಿರ್ಧಾರವಾಗುವುದು ಬೆಲ್ಟಿನ ದಪ್ಪದ ನಟ್ಟನಡುವಿನ ಗೆರೆಯಲ್ಲಿ. ಬೆಲ್ಟ್ ತಿರುಗಿಸುವ ಒಳತಟ್ಟೆಯ ವ್ಯಾಸ 160 ಮಿ.ಮೀ., ಬೆಲ್ಟಿನ ದಪ್ಪ ಅರ್ಧ ಮಿ.ಮೀ.; ಒಟ್ಟು 160.5ನ್ನು 7.5ರಿಂದ (ಮೋಟಾರಿನ 250 ಸುತ್ತಿಗೂ ತಟ್ಟೆಯ 33⅓ ಸುತ್ತಿಗೂ ಇರುವ ಅನುಪಾತ) ಭಾಗಿಸಿ, ಬಂದ 21.4ರಲ್ಲಿ ಬೆಲ್ಟಿನ ಅರ್ಧ ಮಿ.ಮೀ. ಕಳೆದರೆ ಸಿಗುವುದು 20.9. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಈ ವ್ಯತ್ಯಾಸದಿಂದ ವೇಗ ಶೇಕಡಾ ಅರ್ಧದಷ್ಟು ತಪ್ಪುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಒಬ್ಬ ಹಿರಿಯ ಟರ್ನರು ಈ ಕೆಲಸ ಒಪ್ಪಿಕೊಂಡರು. ನಾನು ಕೊಟ್ಟ ನಕ್ಷೆಯಲ್ಲಿ ಪುಲ್ಲಿಯ ಮೈ ಸಪಾಟಾಗಿತ್ತು. ಹಳೆಯ ಪುಲ್ಲಿಯನ್ನು ಬೆಳಕಿಗೆ ಹಿಡಿದು, ಅದರ ಮೇಲೆ ಉಗುರಾಡಿಸಿ ನೋಡಿದ ಅವರು, “ನಡುವ ಚೂರು ಉಬ್ಬು ಐತಿ ನೋಡ್ರೀ ಸರ. ಹಿಟ್ಟಿನ ಗಿರಣಿ ಪುಲ್ಲಿಗೂ ಹಿಂಗ ಇರ್ತೈತಿ. ಉಬ್ಬು ಇದ್ದರ ಪಟ್ಟಾ ತಾನ ನಡುವ ಬಂದು ನಿಂದರ್ತೈತಿ, ಇಲ್ಲಂದ್ರ ಜಾರಿ ಹೋಗ್ತೈತಿ” ಎಂದರು. ಹಿತ್ತಾಳೆಯ ಸರಳನ್ನು ಲೇಥಿಗೆ ಕಟ್ಟಿ, ಕೊನೆಯ ಹಂತದಲ್ಲಿ ಉಳಿಯನ್ನು ಕೂದಲೆಳೆಯಷ್ಟೇ ಮುಂದೆ ಸರಿಸುತ್ತ, ಪ್ರತಿ ಸಲವೂ ಯಂತ್ರ ನಿಲ್ಲಿಸಿ ಮೈಕ್ರೊಮೀಟರ್ ಹಿಡಿದು ನೋಡಿ, ಉಬ್ಬಿನ ನೆತ್ತಿಯಲ್ಲಿ ಸರಿಯಾಗಿ 20.9ಕ್ಕೆ ತಂದು ಕೊಟ್ಟರು. ಇಂಥ ಕೈ ನಮ್ಮೂರಿನಲ್ಲಿರುವುದು ನನಗೆ ನಿಜಕ್ಕೂ ಹೆಮ್ಮೆಯ ವಿಷಯ.

ವೇಗದ ಪರೀಕ್ಷೆಗೆ ಅಂಚಿನಲ್ಲಿ 180 ಗೆರೆಗಳಿರುವ ಸ್ಟ್ರೋಬ್ ತಟ್ಟೆಯನ್ನು ಟರ್ನ್‌ಟೇಬಲ್ ಮೇಲಿಟ್ಟು ಬಳಸಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುವುದರಿಂದ, ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಮಿನುಗದ ಎಲ್‌ಇಡಿ ದೀಪದಲ್ಲಿ ಏನೂ ಕಾಣುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ದೀಪವೂ ಮೋಟಾರೂ ಒಂದೇ ವಿದ್ಯುತ್ತಿನಿಂದ ನಡೆಯುವುದರಿಂದ, ಫ್ರೀಕ್ವೆನ್ಸಿ ಏರುಪೇರಾದರೂ ಗೆರೆಗಳು ನಿಂತೇ ಇರುತ್ತವೆ. ನಮ್ಮ ಗ್ರಿಡ್ಡಿನ ನಿಗದಿತ ಮಿತಿ 49.90ರಿಂದ 50.05 ಹರ್ಟ್ಸ್ ಆದ್ದರಿಂದ ಆ ಏರುಪೇರು ಕಿವಿಗೆ ತಿಳಿಯುವಷ್ಟಿಲ್ಲ.

ಗೆರೆ ನಿಂತರೆ ಸಾಲದು; ಪುಲ್ಲಿಯೋ ಒಳತಟ್ಟೆಯೋ ಕೇಂದ್ರ ತಪ್ಪಿ ತಿರುಗಿದರೆ ಸ್ವರ ಅಲೆಯಾಡುತ್ತದೆ. ಇದನ್ನು ಹಿಡಿಯಲು ಡೆತ್ ಮೆಟಲ್ ಒದಗಿಬರುವುದಿಲ್ಲ. ಅಪ್ಪನ ಸಂಗ್ರಹದಲ್ಲಿದ್ದ ಮಲ್ಲಿಕಾರ್ಜುನ ಮನಸೂರರ ಎಲ್‌ಪಿ ಹಾಕಿ, ಹಿಂದೆ ಮಿಡಿಯುವ ತಂಬೂರಿಗೆ ಕಿವಿಗೊಟ್ಟೆ. ಷಡ್ಜ ಅಲುಗಲಿಲ್ಲ.

ಉಳಿದ ಸಿದ್ಧತೆ ಬೇಗ ಮುಗಿಯಿತು. ಕಾರ್ಟ್ರಿಜ್ (ಮುಳ್ಳನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಆಡಿಯೊ–ಟೆಕ್ನಿಕಾದ ವಿಎಂ95ಇ. ಮುಳ್ಳಿನ ಭಾರವನ್ನು ಎರಡು ಗ್ರಾಮಿಗೆ ಇಟ್ಟಿದ್ದೇನೆ. ಯಂತ್ರವನ್ನು ದಪ್ಪನೆಯ ಶಹಾಬಾದ್ ಫರ್ಸಿಯ ಮೇಲೆ ಕೂರಿಸಿದ್ದೇನೆ, ಏಕೆಂದರೆ ಎಲ್‌ಪಿಯಲ್ಲಿ ಮಂದ್ರವನ್ನು ತಗ್ಗಿಸಿ ಕೆತ್ತಿ, ನುಡಿಸುವಾಗ ಮತ್ತೆ ಹಿಗ್ಗಿಸುವುದರಿಂದ ನಡೆದಾಡುವ ಹೆಜ್ಜೆಯ ಅದುರೂ ಅದರೊಡನೆ ಹಿಗ್ಗುತ್ತದೆ.

ಸರಿಯಾದ ವೇಗದಲ್ಲಿ ಮೊದಲು ಗಮನಕ್ಕೆ ಬಂದದ್ದು ಎಲ್.ಜಿ. ಪೆಟ್ರೋವ್ ಅವರ ದನಿ. 2021ರಲ್ಲಿ ತೀರಿಕೊಂಡ ಈ ಗಾಯಕನಿಗೆ ಧ್ವನಿಮುದ್ರಣದ ಕಾಲಕ್ಕೆ ಇನ್ನೂ 18 ತುಂಬಿರಲಿಲ್ಲ. ನಿಧಾನಗತಿಯಲ್ಲಿ ಯಾವುದೋ ಮುದಿ ಗರ್ಜನೆಯಾಗಿದ್ದದ್ದು ಈಗ ಗಂಟಲು ಹರಿದುಕೊಂಡು ಕೂಗುವ ಹುಡುಗನ ದನಿಯಾಗಿದೆ. ಶೀರ್ಷಿಕೆ ಗೀತೆಯ ಕೊನೆಗೆ ಎಲ್ಲವೂ ನಿಧಾನಗೊಂಡು, 1979ರ ‘ಫ್ಯಾಂಟಸಂ’ ಚಲನಚಿತ್ರದ ಸ್ವರಮಾಲೆ ಬರುವ ಭಾಗದಲ್ಲಿ ನೀಳ ಸ್ವರಗಳು ನೇರವಾಗಿ ನಿಂತಿವೆ. ಗಿಟಾರಿನ ಅಂಚು ಹರಿತವಾಗಿದೆ, ಡ್ರಮ್ಮು ಅದರ ಮುಂದೆ ನಿಂತಿದೆ. ಮರುಮುದ್ರಣಕ್ಕೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಉಳಿದಿರುವ ತೊಂದರೆ ಒಳಸುತ್ತುಗಳದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು ಹಾದುಹೋದರೆ, ಲೇಬಲ್ಲಿನ ಹತ್ತಿರ 21 ಸೆಂ.ಮೀ. ಮಾತ್ರ ಹಾಯುತ್ತದೆ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುಂಬಿದ್ದರಿಂದ, ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಸಿಂಬಲ್ಲುಗಳು ಉಗುಳಿದಂತೆ ಚರಗುಡುತ್ತವೆ. ಇದೇ ಕಾರ್ಟ್ರಿಜ್ಜಿಗೆ ಕೂರುವ ಮೈಕ್ರೊಲೀನಿಯರ್ ಮುಳ್ಳಿನ ತುದಿ ಇನ್ನೂ ಕಿರಿದಾಗಿದ್ದು, ಇಕ್ಕಟ್ಟಿನ ತಿರುವುಗಳನ್ನು ಚೆನ್ನಾಗಿ ಹಿಂಬಾಲಿಸುತ್ತದೆ. ಅದನ್ನು ತರಿಸುತ್ತಿದ್ದೇನೆ, ಬಂದ ಮೇಲೆ ಮೊದಲು ಹಾಕುವುದು ಎರಡನೇ ಬದಿಯ ಕೊನೆಯ ಹಾಡನ್ನೇ.