ಐದನೆಯ ಮಾತು

ಮೈಸೂರು, ಮಾರ್ಚ್ 19, 2024, ಮಂಗಳವಾರ ರಾತ್ರಿ

ಶುಭ ಶುಕ್ರವಾರದ ಆರಾಧನೆಯಲ್ಲಿ ಐದನೆಯ ಮಾತಿನ ಮೇಲೆ ಹತ್ತು ನಿಮಿಷ ಮಾತನಾಡಬೇಕೆಂದು ಅಯ್ಯನವರು ಇಂದು ಫೋನ್ ಮಾಡಿ ಕೇಳಿದರು. ಮಧ್ಯಾಹ್ನ 12ರಿಂದ 3ರವರೆಗಿನ ಆ ಆರಾಧನೆಗೆ ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಏಳು ಜನರಿಗೆ ಹಂಚುವುದು ನಮ್ಮ ಸಭೆಯ ವಾಡಿಕೆ. ಯಾರಿಗೆ ಯಾವುದು ಎಂಬುದರ ಹಿಂದೆ ವಿಶೇಷ ಲೆಕ್ಕಾಚಾರವೇನೂ ಇರುವುದಿಲ್ಲ. ಆದರೂ "ನನಗೆ ನೀರಡಿಕೆಯಾಗಿದೆ" ಎಂಬ ಮಾತು ಹುಡುಕಿಕೊಂಡು ನಮ್ಮ ಮನೆಗೇ ಬರಬೇಕೇ? ಡಯಾಲಿಸಿಸ್‌ನಿಂದ ಇವರನ್ನು ಕರೆತರುವ ಹೊತ್ತಾಯಿತೆಂದು ಹೇಳಿ ಫೋನ್ ಇಟ್ಟುಬಿಟ್ಟೆ.

ಇವರಿಗೆ ದಿನಕ್ಕೆ ಮುಕ್ಕಾಲು ಲೀಟರ್ ಎಂದು ವೈದ್ಯರು ಗೊತ್ತುಮಾಡಿದ್ದಾರೆ, ಅದರಲ್ಲಿ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲವೂ ಸೇರಬೇಕು. ಮೂತ್ರಪಿಂಡಗಳು ಹೊರಹಾಕಲಾರದ ನೀರು ಮುಂದಿನ ಸರದಿಯವರೆಗೆ ಮೈಯಲ್ಲೇ ನಿಂತು, ಕಾಲು ಊದಿ, ಹೆಚ್ಚಾದರೆ ಉಸಿರಾಟಕ್ಕೂ ಹೃದಯಕ್ಕೂ ತೊಂದರೆಯಾಗುತ್ತದೆ. ಕಳೆದ ವರ್ಷ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬದಿದ್ದುದರಿಂದ ಈ ಬೇಸಿಗೆಯಲ್ಲಿ ಊರೆಲ್ಲ ನೀರಿನದೇ ಮಾತು. ನಮ್ಮ ಮನೆಯಲ್ಲಿ ಮಾತ್ರ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಊಟದ ಹೊತ್ತಿಗೆ ಅಯ್ಯನವರು ಕೇಳಿದ್ದನ್ನು ತಿಳಿಸಿದೆ. ಇವರು ಬಾಯಲ್ಲಿದ್ದ ಮಂಜುಗಡ್ಡೆಯ ಚೂರು ಕರಗುವವರೆಗೂ ಸುಮ್ಮನಿದ್ದು, "ಒಪ್ಪಿಕೋ. ಆದರೆ ಅದಕ್ಕೆ ಬೇರೆ ಅರ್ಥ ಹೇಳಬೇಡ" ಎಂದರು.

"ಬೇರೆ ಅರ್ಥ ಅಂದರೆ ಏನು ರೀ?"

"ಪ್ರತಿ ವರ್ಷ ಯಾರಾದರೂ ಅದು ಆತ್ಮಗಳಿಗಾಗಿ ಪಟ್ಟ ದಾಹ ಅಂತ ಹೇಳುತ್ತಾರೆ. ಇರಬಹುದು. ಮೊದಲು ಅವನಿಗೆ ನೀರು ಬೇಕಾಗಿತ್ತು ಅಂತ ಹೇಳು. ನಾಲಿಗೆ ಅಂಗಳಕ್ಕೆ ಅಂಟಿಕೊಂಡಾಗ ಬೇರೇನೂ ನೆನಪಾಗುವುದಿಲ್ಲ."

ನಾಲಿಗೆ ಅಂಗಳಕ್ಕೆ ಹತ್ತುವ ಆ ಮಾತು 22ನೆಯ ಕೀರ್ತನೆಯಲ್ಲೇ ಇದೆ. ಇವರು ಅದನ್ನು ನೆನೆದು ಹೇಳಿದರೋ ತಮ್ಮ ಅನುಭವವನ್ನಷ್ಟೇ ಹೇಳಿದರೋ ನಾನು ಕೇಳಲಿಲ್ಲ. ಪಾತ್ರೆ ತೊಳೆದು ಬಂದು ಯೋಹಾನನ ಸುವಾರ್ತೆ ತೆರೆದೆ. ನಾಲ್ಕನೆಯ ಅಧ್ಯಾಯದಲ್ಲಿ ಜೀವಜಲ ಕೊಡುವೆನೆನ್ನುವವನು ಅದಕ್ಕೆ ಮೊದಲು ದಣಿದು ಬಾವಿಯ ಬಳಿ ಕುಳಿತು ಸಮಾರ್ಯದ ಹೆಂಗಸನ್ನು ಕುಡಿಯಲು ಕೊಡೆಂದು ಕೇಳುತ್ತಾನೆ. ಹತ್ತೊಂಬತ್ತನೆಯದರಲ್ಲಿ ಶಿಲುಬೆಯಿಂದ ಮತ್ತೆ ಕೇಳುತ್ತಾನೆ. ಕೇಳುವುದಕ್ಕೆ ನಾಚಿಕೊಳ್ಳದ ದೇವರು! ನೋಡಲು ಬಂದವರು, ತಾಳಲಾರದಷ್ಟು ಭಾರವನ್ನು ದೇವರು ಹೊರಿಸುವುದಿಲ್ಲ ಎಂದು ಹೇಳಿ ಹೋಗುತ್ತಾರೆ. ಪೌಲನು ಕೊರಿಂಥದವರಿಗೆ ಅದನ್ನು ಬರೆದದ್ದು ಶೋಧನೆಯ ಕುರಿತು ಎಂದು ಅವರೊಡನೆ ವಾದಿಸುವ ಶಕ್ತಿ ನನಗಿಲ್ಲ. ಆ ಮಾತಿನಿಂದ ನನಗೆ ಒಂದು ರಾತ್ರಿಯೂ ನಿದ್ದೆ ಬಂದಿಲ್ಲ. ಇವರ ಪಾದದ ಊತವನ್ನು ಒತ್ತಿ ನೋಡುವಾಗ, ಈ ಒಣಗಿದ ಬಾಯಿ ಹೇಗಿರುತ್ತದೆಂದು ತಿಳಿದವನ ಹತ್ತಿರವೇ ಬೇಡುತ್ತಿದ್ದೇನೆ ಎಂಬ ನೆನಪು ಬಂದರೆ ಮಾತ್ರ ಬೆಳಗಾಗುವವರೆಗೆ ಕುಳಿತಿರಲು ಸಾಧ್ಯವಾಗುತ್ತದೆ.

ನಾಳೆ ಅಯ್ಯನವರಿಗೆ ಒಪ್ಪಿಗೆ ತಿಳಿಸಬೇಕು. ಶುಕ್ರವಾರ ಡಯಾಲಿಸಿಸ್ ಇಲ್ಲವಾದ್ದರಿಂದ ತಾವೂ ಬರುತ್ತೇನೆನ್ನುತ್ತಾರೆ, ಆ ಬಿಸಿಲಿನಲ್ಲಿ ಮೂರು ಗಂಟೆ. ಇವರೆದುರು ಅದನ್ನು ಹೇಳುವುದು ಹೇಗೆ?

ಮತ್ತಾಯನಲ್ಲಿ ಇನ್ನೊಂದು ವಿವರವಿದೆ. ಎಲೀಯನು ಬಂದು ಕಾಪಾಡುತ್ತಾನೋ ನೋಡೋಣ ಎಂದು ಉಳಿದವರು ನಿಂತೇ ಇರುವಾಗ, ಹುಳಿರಸದಲ್ಲಿ ಸ್ಪಂಜು ಅದ್ದಿ ತರಲು ಒಬ್ಬನು ಓಡಿಹೋಗುತ್ತಾನೆ. ಅವನ ಹೆಸರನ್ನು ಮತ್ತಾಯನು ಬರೆದಿಲ್ಲ. ಹತ್ತು ನಿಮಿಷವನ್ನೂ ಆ ಓಡಿದವನಿಗೇ ಕೊಟ್ಟರೆ ಅಯ್ಯನವರು ಏನೆನ್ನುತ್ತಾರೋ, ಅಥವಾ